ಕುರ್ಚಿ ಯಾತ್ರೆ

ಎಲ್ಲರ ಹುಟ್ಟಿದ ದಿನವೂ ಜೂನ್ 1 ಆಗಿಬಿಟ್ಟರೆ ಏನು ಮಾಡೋದು?

ನಮ್ಮ ಅತ್ತಿ ಇರುವ ಮನೆಯಲ್ಲಿ ಈ ಸಮಸ್ಯೆ ನಿಜವಾಗಿಯೂ ಎದುರಾಯಿತು. ಮನೆ ಅಂದರೆ ಬಾಗಲಕೋಟೆಯ ನವನಗರದಲ್ಲಿ ವಯಸ್ಸಾದವರು ಒಟ್ಟಿಗೆ ಇರುವ ಒಂದು ವಸತಿ. ಮೂವತ್ತು ಜನ ಇದ್ದಾರೆ. ಅದನ್ನು ಯಾರಾದರೂ ವೃದ್ಧಾಶ್ರಮ ಅಂದರೆ ಅತ್ತಿಗೆ ಸಿಟ್ಟು ಬರುತ್ತದೆ. "ಆಶ್ರಮಕ್ಕ ಸನ್ಯಾಸಿಗಳು ಹೋಗ್ತಾರ. ನಾ ತಿಂಗಳಾ ರೊಕ್ಕಾ ಕೊಟ್ಟು ಇರಾಕಿ" ಅನ್ನುತ್ತಾಳೆ. ನನ್ನ ಅಪ್ಪನ ತಂಗಿ ಆಕೆ. ಮಕ್ಕಳಿಲ್ಲ. ಮಾವ ತೀರಿಕೊಂಡ ಮೇಲೆ ಎಂಟು ವರ್ಷ ಒಬ್ಬಳೇ ಇದ್ದು, ಒಂದು ದಿನ ಮನೆ ಮಾರಿ, ತಾನೇ ಆಟೋ ಹಿಡಿದು ಅಲ್ಲಿಗೆ ಹೋಗಿ ಸೇರಿಕೊಂಡಳು. ಬಂಧುಗಳೆಲ್ಲ ಬೈದದ್ದು ಮಾತ್ರ ನಮಗೆ.

ನಾನು ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ಅಲ್ಲಿಗೆ ಹೋಗೋದು ಜಾಸ್ತಿ ಆಯ್ತು. ಸುಮ್ನೆ ಕೂತು ಬರುವ ಬದಲು ಏನಾದರೂ ಮಾಡಿ ಅಂತ ಅಲ್ಲಿನ ಮ್ಯಾನೇಜರ್ ಹುಡುಗಿ ನನ್ನನ್ನು ಹಿಡಿದುಕೊಂಡಳು. ಬೆಂಗಳೂರಲ್ಲಿ ಇಂಥದ್ದೇ ಒಂದು ಕಡೆ ಕೆಲಸ ಮಾಡಿ ಬಂದವಳು. ಅವಳ ಹತ್ತಿರ ಎರಡು ಯೋಜನೆಗಳಿದ್ದವು. ಒಂದು, ಪ್ರತಿ ತಿಂಗಳು ಆ ತಿಂಗಳಲ್ಲಿ ಹುಟ್ಟಿದವರೆಲ್ಲರ ಹುಟ್ಟುಹಬ್ಬ ಸೇರಿಸಿ ಮಾಡೋದು. ಇನ್ನೊಂದು, ದೊಡ್ಡ ಟಿವಿಯಲ್ಲಿ ದೇಶ ವಿದೇಶ ತೋರಿಸೋದು, ಕೂತಲ್ಲೇ ಪ್ರವಾಸ.

ಹುಟ್ಟುಹಬ್ಬದ ಯೋಜನೆ ಎರಡೇ ತಿಂಗಳಲ್ಲಿ ಮಗುಚಿಕೊಂಡಿತು. ಆಧಾರ್ ಕಾರ್ಡುಗಳನ್ನು ತೆಗೆದು ನೋಡಿದರೆ ಹದಿನಾಲ್ಕು ಜನ ಜೂನ್ 1ಕ್ಕೆ ಹುಟ್ಟಿದವರು. ಐದು ಜನ ಜನವರಿ 1. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರೂ ತಿಂಗಳು ಖಾಲಿ. ಮ್ಯಾನೇಜರ್ ಹುಡುಗಿ ಕಂಪ್ಯೂಟರ್ ತಪ್ಪಿರಬೇಕು ಅಂದುಕೊಂಡಳು. ಕಾರಣ ಹೇಳಿದ್ದು ನಮ್ಮ ಅಕ್ಕೋರು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತೈದು ವರ್ಷ ಕಲಿಸಿದವರು. ಆಗ ಹುಟ್ಟಿದ ತಾರೀಕು ಬರೆದಿಟ್ಟವರು ಯಾರು? ಮಗು ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಶಾಲೆಗೆ ಬರುವ ವಯಸ್ಸಾಯಿತು ಅಂತ ಲೆಕ್ಕ. ಶಾಲೆ ಶುರುವಾಗುವ ಹೊತ್ತು, ಜೂನ್ 1 ಅಂತ ಬರೆದರೆ ಮುಗೀತು.

"ನಾನs ನೂರಾರು ಮಂದೀನ್ನ ಜೂನ್ ಒಂದಕ್ಕ ಹಡದೀನ್ರಿ" ಅಂದರು ಅಕ್ಕೋರು, ಕನ್ನಡಕ ಒರೆಸುತ್ತಾ.

ಹಾಗಾದರೆ ನಿಜವಾಗಿ ಹುಟ್ಟಿದ್ದು ಯಾವಾಗ ಅಂತ ಒಬ್ಬೊಬ್ಬರನ್ನೇ ಕೇಳಿದೆ. ತಾರೀಕು ಯಾರಿಗೂ ಗೊತ್ತಿಲ್ಲ, ಆದರೆ ದಿನ ಎಲ್ಲರಿಗೂ ಗೊತ್ತು! "ಕಾರ ಹುಣ್ಣಿವಿ ಆಗಿ ಎಂಟು ದಿನಕ್ಕ." "ಗಾಂಧೀಜಿ ಹೋದ ವರ್ಷ, ಬಿಳಿಜೋಳದ ರಾಶಿ ಹೊತ್ತಿಗೆ." "ಬನಶಂಕರಿ ಜಾತ್ರ್ಯಾಗ ನಮ್ಮವ್ವಗ ಬ್ಯಾನಿ ಸುರುವಾತು, ನಾಟಕ ಅರ್ಧಕ್ಕ ಬಿಟ್ಟು ಬಂದಾಳ." ಆ ನಾಟಕದ ಉಳಿದರ್ಧ ನೋಡಲಾಗಲಿಲ್ಲ ಅಂತ ಅವರ ತಾಯಿ ಸಾಯುವವರೆಗೂ ಮಗಳನ್ನು ಕಾಡಿಸುತ್ತಿದ್ದರಂತೆ.

ಕೇಕ್ ಅಲ್ಲಿಗೆ ನಿಂತಿತು. ನಮ್ಮ ಕಡೆ ತಿಂಗಳಿಗೊಂದು ಹಬ್ಬ ಹೊಸದಾಗಿ ಹುಡುಕಬೇಕೇನು? ಹುಣ್ಣಿಮೆ ಅಮಾವಾಸ್ಯೆಗಳೇ ಸಾಕಲ್ವಾ. ಕಾರ ಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಪಂಚಮಿ, ಶೀಗಿ ಹುಣ್ಣಿಮೆ, ಸಕ್ಕರೆ ಆರತಿಯ ಗೌರಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ. ಪಂಚಮಿಗೆ ಅಂಗಳದ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿಸಿದೆವು. ಬಿದ್ದರೆ ಗತಿ ಏನು ಅಂತ ಮ್ಯಾನೇಜರ್ ಹುಡುಗಿ ಇಡೀ ದಿನ ಅದರ ಪಕ್ಕವೇ ನಿಂತಿದ್ದಳು. ಯಾರೂ ಬೀಳಲಿಲ್ಲ. ಎಂಬತ್ತೊಂದು ವರ್ಷದ ಒಬ್ಬ ಅಜ್ಜಿ ಮಾತ್ರ ಇಳಿಯಲೇ ಒಪ್ಪಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಯದು ಸ್ವಲ್ಪ ನಿಧಾನವಾಗಿ ಹೇಳಬೇಕು. ಹುನಗುಂದ ಕಡೆಯ ಒಬ್ಬ ರೈತ ಅಜ್ಜ ಬಂದು ಎರಡು ತಿಂಗಳಾಗಿತ್ತು. ಹೆಚ್ಚು ಮಾತಿಲ್ಲ. ಉಣ್ಣುವುದು, ಗೋಡೆಗೆ ಮುಖ ಮಾಡಿ ಮಲಗುವುದು. ಅವತ್ತು ಒಂದು ಬುಟ್ಟಿ ಎರೆ ಮಣ್ಣು ತರಿಸಿದ್ದೆವು. ಎಲ್ಲರೂ ಟೇಬಲ್ ಸುತ್ತ ಕೂತು ಎತ್ತು ಮಾಡುತ್ತಿದ್ದರು. ಅಜ್ಜ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ನಾನು ಮಾಡಿದ ಎತ್ತನ್ನು ಕೈಯಲ್ಲಿ ಹಿಡಿದು, "ಇದು ಎತ್ತಲ್ಲವಾ, ನಾಯಿ" ಅಂದರು. ಮಣ್ಣನ್ನು ಮತ್ತೆ ಮುದ್ದೆ ಮಾಡಿದರು. ಅವರ ಕೈ ನಡುಗುತ್ತದೆ, ಚಹಾ ಕಪ್ಪು ಹಿಡಿದರೆ ಅರ್ಧ ಬಸಿಯಲ್ಲಿರುತ್ತದೆ. ಆದರೆ ಹೆಬ್ಬೆರಳು ಮಣ್ಣಿಗೆ ಊರಿದ ಮೇಲೆ ನಡುಕ ಕಾಣಲಿಲ್ಲ. ಮೊದಲು ಡುಬ್ಬ ಎಬ್ಬಿಸಿದರು. ಆಮೇಲೆ ಕುತ್ತಿಗೆಯ ಕೆಳಗೆ ಜೋತುಬೀಳುವ ತೊಗಲು, ಅದನ್ನು ಎರಡು ಬೆರಳ ನಡುವೆ ಹಿಂಡಿ ತೆಳ್ಳಗೆ ಮಾಡಿದರು. ಕಣ್ಣಿಗೆ ಎರಡು ಜೋಳದ ಕಾಳು. ಕೊಂಬು ಒಂದು ಮುಂದಕ್ಕೆ, ಒಂದು ಸ್ವಲ್ಪ ಹಿಂದಕ್ಕೆ. ಸೊಟ್ಟ ಆಯ್ತಲ್ಲ ಅಜ್ಜಾ ಅಂದೆ.

"ನಮ್ಮ ಎಡಗಡೆ ಎತ್ತಿನ ಕೊಂಬು ಹಂಗs ಇತ್ತು."

ಅವತ್ತು ರಾತ್ರಿ ಊಟದ ಹೊತ್ತಿಗೆ ಆ ಎತ್ತಿನ ಕತೆ ಪೂರ್ತಿ ಹೊರಗೆ ಬಂತು. ಯಾವ ಸಂತೆಯಲ್ಲಿ ತಂದದ್ದು, ಎಷ್ಟಕ್ಕೆ, ಯಾರಿಗೆ ಹಾಯ್ದಿತ್ತು, ಎಲ್ಲ.

ಇನ್ನು ಪ್ರವಾಸ. ಅದಕ್ಕೆ ಕುರ್ಚಿ ಯಾತ್ರೆ ಅಂತ ಹೆಸರಿಟ್ಟವರು ಟಪಾಲ ಕಾಕಾ. ಹಳೆ ಬಾಗಲಕೋಟೆಯಲ್ಲಿ ಪೋಸ್ಟ್‌ಮನ್ ಆಗಿದ್ದವರು. ನವನಗರಕ್ಕೆ ಬಂದ ಮೇಲೆ ನಿವೃತ್ತಿಯಾಗುವವರೆಗೂ ಸೈಕಲ್ ತುಳಿದವರು. ಅವರ ದೂರು ಒಂದೇ. ಅಲ್ಲಿ ಓಣಿ ಇದ್ದವು, ಇಲ್ಲಿ ಸೆಕ್ಟರ್ ನಂಬರ್. ನವನಗರದ ನಕ್ಷೆ ಮಾಡಿದ್ದು ಚಾರ್ಲ್ಸ್ ಕೊರಿಯಾ, ದೇಶದ ದೊಡ್ಡ ವಾಸ್ತುಶಿಲ್ಪಿ ಅಂತ ನಾನು ಒಮ್ಮೆ ಹೇಳಿದ್ದೆ. "ದೊಡ್ಡಾವ್ರ ಇರಬೇಕ್ರಿ. ಟಪಾಲು ಹಂಚಿದವ್ರಲ್ಲ" ಅಂದಿದ್ದರು.

ಮೊದಲ ಯಾತ್ರೆ ಕಾಶಿಗೆ. ಎಲ್ಲರಿಗೂ ಇಷ್ಟವಾಗುತ್ತದೆ ಅಂತ ನನ್ನ ಲೆಕ್ಕ. ಗಂಗಾರತಿ, ದೋಣಿ, ಘಾಟುಗಳು. ಹೆಂಗಸರು ಟಿವಿಗೇ ಕೈ ಮುಗಿದರು. ಆದರೆ ವಿಶ್ವನಾಥನ ಗುಡಿ ಬಂದಾಗ ಟಪಾಲ ಕಾಕಾ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಇದು ನಾ ನೋಡಿದ ಕಾಶಿ ಅಲ್ರಿ. ಗುಡಿಗೆ ಹೋಗು ಸಂದಿ ಎಲ್ಲಿ? ಒಂದು ಆಕಳು ಅಡ್ಡ ನಿಂತ್ರ ಹಿಂದ ನೂರು ಮಂದಿ ನಿಲ್ಲೂ ಸಂದಿ?" ಗುಡಿಯಿಂದ ಗಂಗೆಯವರೆಗಿನ ಆ ಸಂದಿಗಳನ್ನೂ ಮನೆಗಳನ್ನೂ ತೆಗೆದು ಅಗಲ ಮಾಡಿದ್ದಾರೆ, ಡಿಸೆಂಬರ್ 2021ರಲ್ಲಿ ಉದ್ಘಾಟನೆ ಆಯ್ತು ಅಂದೆ. ಕಾಕಾ ಏನೂ ಹೇಳಲಿಲ್ಲ. ಉಳಿದ ವಿಡಿಯೊದಲ್ಲಿ ಅವರು ಗುಡಿ ನೋಡಲಿಲ್ಲ, ಸಂದಿ ಹುಡುಕಿದರು. ನಾನು ಆಗಲೇ ತಿಳಿದುಕೊಳ್ಳಬೇಕಿತ್ತು. ತಿಳಿಯಲಿಲ್ಲ.

ಆಮೇಲೆ ಜಪಾನಿನ ಚೆರ್ರಿ ಹೂ, ಕಾಶ್ಮೀರದ ದಾಲ್ ಸರೋವರ. ಅರ್ಧ ಜನ ನಿದ್ದೆ ಹೋದರು. ಅಷ್ಟೇ.

ನೆದರ್‌ಲ್ಯಾಂಡ್ಸ್‌ಗೆ ಹೋದದ್ದು ಸಿಮೆಂಟ್ ಫ್ಯಾಕ್ಟರಿ ಕಾಕಾ ಅವರ ಹಟಕ್ಕೆ. ಅವರ ಮೊಮ್ಮಗ ಅಲ್ಲಿದ್ದಾನೆ. ಟ್ಯುಲಿಪ್ ತೋಟ ತೋರಿಸಿ ಅಂದಿದ್ದರು. ತೋಟ ಬರುವ ಮೊದಲೇ ಮಂಡಿನೋವಿನ ಎಣ್ಣೆಯ ಜಾಹೀರಾತು ಬಂತು. ಇಡೀ ಯಾತ್ರೆಯಲ್ಲಿ ಅತಿ ಹೆಚ್ಚು ಗಮನವಿಟ್ಟು ನೋಡಿದ್ದು ಅದನ್ನೇ. "ತಡೀರಿ, ಹೆಸರು ಬರಕೋತೀನಿ" ಅಂತ ಒಬ್ಬರು ಪೆನ್ನು ತರಲು ಎದ್ದೇಬಿಟ್ಟರು.

ಹೂವಿನ ನಂತರ ನಾನು ಆ ದೇಶದ ನೀರಿನ ಕತೆ ಹೇಳತೊಡಗಿದೆ. ಅಲ್ಲಿನ ನೆಲದ ಕಾಲುಭಾಗದಷ್ಟು ಸಮುದ್ರದ ಮಟ್ಟಕ್ಕಿಂತ ಕೆಳಗಿದೆ. 1932ರಲ್ಲಿ ಸಮುದ್ರದ ಒಂದು ತೋಳಿಗೆ ಅಡ್ಡಲಾಗಿ 32 ಕಿಲೋಮೀಟರ್ ಉದ್ದದ ಒಡ್ಡು ಹಾಕಿದರು. ಒಳಗೆ ಉಳಿದ ಉಪ್ಪುನೀರು ಬರಬರುತ್ತ ಸಿಹಿಯಾಯಿತು. ಆಮೇಲೆ ಅದರೊಳಗಿನ ದೊಡ್ಡ ದೊಡ್ಡ ಭಾಗಗಳಿಂದ ನೀರನ್ನು ಪಂಪ್ ಮಾಡಿ ಹೊರಗೆ ಹಾಕಿ ನೆಲ ಮಾಡಿದರು. ಹಾಗೆ ಎದ್ದ ನೆಲದ ಮೇಲೆ 1986ರಲ್ಲಿ ಒಂದು ಹೊಸ ಪ್ರಾಂತ್ಯವೇ ಆಯಿತು, ಫ್ಲೆವೊಲ್ಯಾಂಡ್ ಅಂತ. ಅಲ್ಲೊಂದು ಕಡೆ ಸ್ಕಾಕ್‌ಲ್ಯಾಂಡ್ ಅನ್ನುವ ಊರಿತ್ತು. ಮೊದಲು ಅದು ದ್ವೀಪ. ನೀರು ಕೊರೆಯುತ್ತಲೇ ಇತ್ತು. 1859ರಲ್ಲಿ ರಾಜನ ಆಜ್ಞೆಯಾಗಿ ಎಲ್ಲರೂ ಊರು ಬಿಟ್ಟರು. ಈಗ ಸುತ್ತಲಿನ ನೀರೇ ಇಲ್ಲ. ಹೊಲಗಳ ನಡುವೆ ಒಂದು ದಿಬ್ಬದ ಹಾಗೆ ನಿಂತಿದೆ.

ಟಿವಿಯಲ್ಲಿ ಆ ದಿಬ್ಬ ಕಾಣುತ್ತಿತ್ತು. ಮೇಲೆ ಒಂದು ಹಳೆ ಚರ್ಚು, ಸುತ್ತ ಹಸಿರು. ಕೋಣೆ ಒಮ್ಮೆಲೇ ಸುಮ್ಮನಾಯಿತು. ನಿದ್ದೆ ಮಾಡುತ್ತಿದ್ದವರು ಒಬ್ಬರೂ ಇರಲಿಲ್ಲ. ಅಕ್ಕೋರೇ ಮೊದಲು ಬಾಯಿ ಬಿಟ್ಟರು.

"ಅಂದ್ರ ಅವ್ರು ನೀರು ಹೊರಗ ಹಾಕಿ ಊರು ಮಾಡ್ಯಾರ. ನಮ್ಮವ್ರು ಊರು ಹೊರಗ ಹಾಕಿ ನೀರು ಮಾಡ್ಯಾರ."

ಹೊರಗಿನವರಿಗೆ ಇದು ಅರ್ಥವಾಗಲು ಒಂದೆರಡು ಮಾತು ಬೇಕು. ಬಾಗಲಕೋಟೆ ಘಟಪ್ರಭಾ ದಂಡೆಯ ಊರು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಜಲಾಶಯಕ್ಕೆ ಅವರದೇ ಹೆಸರಿದೆ. ನೀರು ತುಂಬಿದಾಗ ಹಿನ್ನೀರು ಘಟಪ್ರಭೆಯ ಗುಂಟ ಹಿಂದಕ್ಕೆ ಬಂದು ನಮ್ಮ ಊರಿನ ತಗ್ಗಿನ ಓಣಿಗಳನ್ನು ತೆಗೆದುಕೊಂಡಿತು. ಊರು ಪೂರ್ತಿ ಹೋಗಿಲ್ಲ. ಪೇಟೆ ಇದೆ, ವ್ಯಾಪಾರ ಇದೆ, ಹೋಳಿ ಹಬ್ಬಕ್ಕೆ ಐದೂ ಪೇಟೆಗಳ ಹಲಗೆ ಈಗಲೂ ಕಿವಿ ಹರಿಯುವ ಹಾಗೆ ಬಾರಿಸುತ್ತಾರೆ, ಬಣ್ಣದ ಬಂಡಿಗಳು ತಿರುಗುತ್ತವೆ. ಆದರೆ ಸಾವಿರಾರು ಮನೆಗಳು ಎದ್ದು ನವನಗರಕ್ಕೆ ಬಂದವು. ಬೇರೆ ಊರಿನವರು ಕ್ರಿಕೆಟ್ ಸ್ಕೋರ್ ಹೇಳುವ ಹಾಗೆ ನಮ್ಮವರು ಜಲಾಶಯದ ನೀರಿನ ಮಟ್ಟವನ್ನು ಮೀಟರ್‌ನಲ್ಲಿ ಹೇಳುತ್ತಾರೆ. ಈಗ ನೀರು ನಿಲ್ಲುವುದು 519.60. ಕೃಷ್ಣಾ ನೀರಿನ ಹಂಚಿಕೆಯ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ್ದು 524.256. ಚಹಾದ ಅಂಗಡಿಯಲ್ಲಿ ಕೇಳಿದರೂ ಪಾಯಿಂಟ್ ಸಮೇತ ಹೇಳುತ್ತಾರೆ.

ಅಕ್ಕೋರ ಮಾತಿಗೆ ಎಲ್ಲರೂ ತಲೆದೂಗಿದರೂ ಸಿಮೆಂಟ್ ಕಾಕಾ ಒಪ್ಪಲಿಲ್ಲ. ಅವರ ಮಗಳನ್ನು ಕೊಟ್ಟದ್ದು ಬಸವನ ಬಾಗೇವಾಡಿ ಕಡೆ. ಮುಳವಾಡ ಏತ ನೀರಾವರಿಯಿಂದ ಅಳಿಯನ ಹೊಲಕ್ಕೆ ನೀರು ಬಂದಿದೆ. "ನಿಮ್ಮ ಮನಿ ಹೋತು ಖರೆ. ಅಲ್ಲಿ ಬಾಯಿ ಒಣಗಿದ್ದು ನೀವು ನೋಡಿಲ್ಲ" ಅಂದರು. ಅದೂ ನಿಜವೇ. ಅಲ್ಲಿಂದ ಮುಂದೆ ಅರ್ಧ ತಾಸು ಜಗಳ. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಐದು ತಿಂಗಳಲ್ಲಿ ಮೊದಲ ಸಲ ಯಾತ್ರೆಗೆ ಜೀವ ಬಂದಿತ್ತು.

ಅದೇ ದೇಶದ ಇನ್ನೊಂದು ಊರನ್ನೂ ತೋರಿಸಬೇಕು ಅಂತ ಇಟ್ಟುಕೊಂಡಿದ್ದೆ. ಆಮ್‌ಸ್ಟರ್‌ಡ್ಯಾಮ್ ಹತ್ತಿರ ವೇಸ್ಪ್ ಅನ್ನುವಲ್ಲಿ 2009ರಿಂದ ಮರೆವಿನ ಕಾಯಿಲೆ ಇರುವ ಹಿರಿಯರಿಗೆಂದೇ ಒಂದು ಪುಟ್ಟ ಹಳ್ಳಿ ಮಾಡಿದ್ದಾರೆ, ಹೊಗೆವೇಕ್ ಅಂತ. ಒಳಗೆ ಅಂಗಡಿ ಇದೆ, ಹೋಟೆಲ್ ಇದೆ, ಬೀದಿ ಇದೆ. ತಮ್ಮ ಊರಲ್ಲೇ ಇದ್ದಂತೆ ಓಡಾಡಿಕೊಂಡಿರಬಹುದು. ನನಗೆ ಬಹಳ ಮೆಚ್ಚುಗೆಯಾಗಿತ್ತು. ಅತ್ತಿ ನೋಡಿ, "ಛೊಲೊ ಐತಿ. ಆದ್ರ ಆ ಅಂಗಡ್ಯಾಂವ ಉದ್ರಿ ಕೊಡ್ತಾನೇನು?" ಅಂತ ಕೇಳಿದಳು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಮುಂದಿನ ಯಾತ್ರೆ ಎಲ್ಲಿಗೆ ಅಂತ ಆ ತಿಂಗಳು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ನಾನು ಎರಡು ವಾರ ಯೂಟ್ಯೂಬ್ ಜಾಲಾಡಿದೆ. ಆಲಮಟ್ಟಿಯ ಗೇಟು ತೆರೆದ ವಿಡಿಯೊ ಬೇಕಾದಷ್ಟು. ಹೋಳಿಯದು ಬೇಕಾದಷ್ಟು. ಹಿನ್ನೀರಿಗೆ ಬರುವ ರಾಜಹಂಸಗಳದು ಇದೆ, ಚೆಂದ ಇದೆ. ಮುಳುಗಿದ ಓಣಿ ಮಾತ್ರ ಎಲ್ಲೂ ಇಲ್ಲ. ಯಾರು ತೆಗೆದಿಡುತ್ತಾರೆ? ಆಗ ಮೊಬೈಲ್ ಇರಲಿಲ್ಲ. ಕ್ಯಾಮೆರಾ ಇದ್ದವರು ಮದುವೆಯ ಫೋಟೊ ತೆಗೆಸಿದರು, ಓಣಿಯದ್ದಲ್ಲ. ಕೊನೆಗೆ ಆ ಮದುವೆ ಫೋಟೊಗಳನ್ನೇ ತರಿಸಿದೆ. ಟ್ರಂಕಿನಿಂದ, ಮಕ್ಕಳ ಮನೆಯಿಂದ, ಹನ್ನೆರಡು ಆಲ್ಬಮ್ ಬಂದವು. ಮದುಮಕ್ಕಳನ್ನು ಬಿಟ್ಟು ಅವರ ಹಿಂದಿನ ಗೋಡೆ ನೋಡಿದೆವು. ಮೂಲೆಯಲ್ಲಿ ಅರ್ಧ ಕಿಟಕಿ, ಸೀರೆಯ ಸೆರಗಿನ ಸಂದಿಯಲ್ಲಿ ಒಂದು ಕಟ್ಟೆ. "ಏ, ಇದು ನಮ್ಮ ಕಟ್ಟಿ!" ಅಂತ ಯಾರದೋ ಮದುವೆಯಲ್ಲಿ ತಮ್ಮ ಮನೆ ಕಂಡು ಒಬ್ಬರು ಕೂಗಿದರು.

ಅಷ್ಟರಿಂದ ಊರಾಗಲಿಲ್ಲ. ಆಗ ಟಪಾಲ ಕಾಕಾ ಟಿವಿ ಆರಿಸಲು ಹೇಳಿದರು. "ಕುರ್ಚಿ ಗೋಡಿಗೆ ಹಚ್ರಿ. ನೆಲ ಖಾಲಿ ಮಾಡ್ರಿ."

ಅಕ್ಕೋರು ಖಡು, ಅಂದರೆ ಸೀಮೆಸುಣ್ಣ, ಹಿಡಿದು ಒಂದು ಸ್ಟೂಲ್ ಮೇಲೆ ಕೂತರು. ಬಗ್ಗಲು ಅವರಿಗೆ ಆಗುವುದಿಲ್ಲ, ಗೆರೆ ಎಳೆದದ್ದು ಮ್ಯಾನೇಜರ್ ಹುಡುಗಿ. ಕಾಕಾ ಕಣ್ಣು ಮುಚ್ಚಿ ನಿಂತುಕೊಂಡರು, ಹೆಗಲ ಮೇಲೆ ಒಂದು ಟವೆಲ್ ಚೀಲದ ಹಾಗೆ. "ಇಲ್ಲಿಂದ ನನ್ನ ಬೀಟ್ ಸುರು. ಎಡಕ್ಕ ಹಿಟ್ಟಿನ ಗಿರಣಿ. ಮುಂದ ಇಳಿಜಾರು, ಇಲ್ಲಿ ಸೈಕಲ್ ಮ್ಯಾಲಿಂದ ಇಳೀಬೇಕು. ಬಲಕ್ಕ ಪುಣೇದಿಂದ ಮನಿ ಆರ್ಡರ್ ಬರ್ತಿದ್ದ ಮನಿ. ಅದರ ಬಾಜೂಕ ಗೋವಾದಿಂದ ಪತ್ರ ಬರ್ತಿದ್ದ ಮನಿ, ಪತ್ರ ನಾನs ಓದಬೇಕು, ಅವ್ರಿಗೆ ಬರ್ತಿರಲಿಲ್ಲ." ಹೆಸರುಗಳನ್ನು ಅವರು ಹೇಳಲಿಲ್ಲ. ಯಾರಿಗೆ ಎಂಥ ಪತ್ರ ಬರುತ್ತಿತ್ತು ಅಂತ ಹೇಳುವುದು ಟಪಾಲಿನವರ ಧರ್ಮ ಅಲ್ಲವಂತೆ, ಊರು ಮುಳುಗಿದರೂ.

ಓಣಿ ತಿರುಗುವಲ್ಲಿ ಬೇವಿನ ಗಿಡ ಬಂತು. ಕಾಕಾ ಬಲಕ್ಕೆ ಅಂದರು. ಮೂವರು ಎಡಕ್ಕೆ ಅಂದರು. ಹುಡುಗಿ ಒಮ್ಮೆ ಬಲಕ್ಕೆ ಬರೆದಳು, ಅಳಿಸಿದಳು, ಎಡಕ್ಕೆ ಬರೆದಳು, ಮತ್ತೆ ಅಳಿಸಿದಳು. ಹುನಗುಂದದ ಅಜ್ಜ ಆ ಊರಿನವರೇ ಅಲ್ಲ. ಅವರೂ ಎದ್ದು ಬಂದು, "ಹೊಳಿ ಯಾ ಕಡೆ ಐತಿ, ಅದು ಹೇಳ್ರಿ ಮೊದಲ" ಅಂತ ಸೇರಿಕೊಂಡರು.

ಮನುಷ್ಯರಿಗೆ ಅತಿ ಗಟ್ಟಿಯಾಗಿ ನೆನಪಿರುವುದು ಹತ್ತರಿಂದ ಮೂವತ್ತರ ವಯಸ್ಸಿನದು ಅಂತ ನೆನಪಿನ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ಇದನ್ನು ನಾನು ಮೊದಲೇ ಓದಿದ್ದೆ. ಓದಿಯೂ ಅವರಿಗೆ ಚೆರ್ರಿ ಹೂ ತೋರಿಸಿದೆ! ಹಿರಿಯರು ಹೊಸದನ್ನು ನೋಡಿ ಬೆರಗಾಗಲಿ ಅಂತ ನನ್ನ ಆಸೆ. ಬೆರಗಾಗಿ ಅವರಿಗೆ ಸಾಕಾಗಿದೆ ಅನ್ನಿಸುತ್ತದೆ. ಔಷಧಿ ಹೆಸರು, ಫೋನು, ಬ್ಯಾಂಕಿನ ಓಟಿಪಿ, ದಿನಾ ಬೆರಗಾಗುವುದೇ ಆಗಿದೆ. ಇನ್ನೊಬ್ಬರಿಗೆ ದಾರಿ ತೋರಿಸುವ ಸಂದರ್ಭ ಅವರಿಗೆ ಈಗ ಸಿಗುವುದು ಎಲ್ಲಿ?

ನಮ್ಮ ಅತ್ತಿ ಇಷ್ಟು ಹೊತ್ತೂ ಮಾತಾಡಿರಲಿಲ್ಲ. ಆಕೆ ಗಂಡನ ಮನೆ ಆ ಓಣಿಯಲ್ಲೇ ಇತ್ತು. ಊರು ಬಿಡುವಾಗ ಎಲ್ಲರೂ ಮಾಡಿದಂತೆ ಅವರೂ ಬಾಗಿಲ ಚೌಕಟ್ಟು ಕಿತ್ತು ತಂದಿದ್ದರು. ನವನಗರದ ಮನೆಗೆ ಅದು ಗಿಡ್ಡವಾಯಿತು. ಆದರೂ ಅದನ್ನೇ ಕೂರಿಸಿದ್ದರು. ಆ ಮನೆಗೆ ಹೋದಾಗಲೆಲ್ಲ ನನ್ನ ಹಣೆಗೆ ಬಡಿಯುತ್ತಿತ್ತು. ಮನೆ ಮಾರುವಾಗ ಚೌಕಟ್ಟೂ ಹೋಯಿತು. ಆಮೇಲೆ ಅದರ ಬಗ್ಗೆ ಅತ್ತಿ ಒಂದು ಮಾತೂ ಆಡಿದ್ದಿಲ್ಲ.

ಕಾಕಾ ಖಡುವಿನ ಗೆರೆ ಹಿಡಿದು ಮುಂದೆ ಬಂದರು. "ಇಲ್ಲಿ ಗಿಡ್ಡ ಬಾಗಲದ ಮನಿ. ತಲಿ ಬಗ್ಗಿಸಿ ಟಪಾಲ್ ಅನ್ನಬೇಕು. ಬ್ಯಾಸಗಿ ದಿನ ಈ ಮನ್ಯಾಗ ತಪ್ಪದs ನೀರು ಕೊಡ್ತಿದ್ರು, ಬೆಲ್ಲದ ತುಂಡು ಕೂಡ. ಆ ಮನಿ ಸೊಸಿ ಕೈ ಅಷ್ಟ ನೋಡೀನ್ರಿ ನಾ. ಬಾಗಲ ಹಿಂದ ನಿಂತು ಪತ್ರಾ ಇಸಕೊಳ್ಳಾಕಿ. ಮಾರಿ ನೋಡಿದ್ದಿಲ್ಲ."

"ಗಿಡ ಎಡಕ್ಕ ಇತ್ತು" ಅಂದಳು ಅತ್ತಿ.

ಎಲ್ಲರೂ ತಿರುಗಿದರು. ಅತ್ತಿ ಸೆರಗು ಸರಿಮಾಡಿಕೊಂಡಳು. "ನಮ್ಮ ಬಾಗಲದಾಗ ನಿಂತ್ರ ಗಿಡ ಎಡಕ್ಕ. ಇವ್ರು ಸೈಕಲ್ ಮ್ಯಾಲ ಎದುರಿಂದ ಬರೋರು, ಇವ್ರಿಗೆ ಬಲಕ್ಕ. ಇಬ್ಬರ್ದೂ ಖರೆ."

ಟಪಾಲ ಕಾಕಾ ಕಣ್ಣು ತೆರೆದು ಆಕೆಯನ್ನು ನೋಡಿದರು. ಎರಡು ವರ್ಷದಿಂದ ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದಾರೆ. ಆಮೇಲೆ ನಿಧಾನವಾಗಿ ಕೈ ಮುಗಿದರು. "ಆ ಸೊಸಿ ನೀವೇನ್ರಿ ಅಕ್ಕಾರ?"

ಊಟದ ಗಂಟೆ ಬಾರಿಸಿತು. ಓಣಿಯಲ್ಲಿ ಇನ್ನೂ ಹನ್ನೊಂದು ಮನೆ ಬಾಕಿ ಇವೆ, ಟಪಾಲು ಮುಗಿದಿಲ್ಲ, ಮುಂದಿನ ಹುಣ್ಣಿಮೆಗೆ ಇಲ್ಲಿಂದಲೇ ಶುರು ಅಂತ ಕಾಕಾ ಎಲ್ಲರಿಗೂ ಎಚ್ಚರಿಕೆ ಕೊಟ್ಟು ಹೋದರು.

ಗೇಟಿನವರೆಗೆ ಅತ್ತಿ ನನ್ನ ಜೊತೆ ಬಂದಳು. ಸ್ಕೂಟಿ ಶುರು ಮಾಡಿದ ಮೇಲೆ ಹ್ಯಾಂಡಲ್ ಹಿಡಿದು ನಿಲ್ಲಿಸಿದಳು.

"ಮುಂದಿನ ಸಲ ಬರಾಗ ಅಚ್ಚಿನ ಬೆಲ್ಲ ತಗೊಂಡ ಬಾರವಾ."

"ಅವ್ರಿಗೆ ಶುಗರ್ ಐತಿ ಅತ್ತಿ."

"ಸಣ್ಣ ತುಂಡು" ಅಂದಳು. "ಟಪಾಲಿನವ್ರನ್ನ ಬರೇ ನೀರು ಕೊಟ್ಟು ಹೆಂಗ ಕಳಸೋದು?"